‘ಕಲೆ ಉಳಿಯಲ್ಲ’ ಅನ್ನುವ ಪ್ಯಾಕೇಜು: ಟಮ್ಮಿ ಟಕ್ ಗೀರುಗಳನ್ನು ಓದುವುದು ಹೇಗೆ?

ಟಮ್ಮಿ ಟಕ್ ಮಾಡಿಸಿದರೆ ಕಲೆಯೇ ಉಳಿಯಲ್ಲ ಅಂತ ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಖಚಿತ. ಅವರು ಮಾಡುತ್ತಿರುವುದು ಟಮ್ಮಿ ಟಕ್ ಅಲ್ಲ, ಅಥವಾ ಹೇಳುತ್ತಿರುವುದು ನಿಜ ಅಲ್ಲ. ಹೊಟ್ಟೆಯ ಸಡಿಲ ಚರ್ಮವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಎಳೆದು ಹೊಲಿಯುವುದೇ ಈ ಆಪರೇಷನ್. ಕತ್ತರಿಸಿದ ಮೇಲೆ ಗುರುತು ಉಳಿಯಲೇಬೇಕು. ಎಲ್ಲಿ, ಎಷ್ಟು ಉದ್ದ, ಯಾವ ಆಕಾರ ಅನ್ನೋದಷ್ಟೇ ಪ್ರಶ್ನೆ.

ರಾಜಕೀಯ ಬರೆಯುವ ಜಾಗದಲ್ಲಿ ಇದೇನಪ್ಪಾ ಅಂದುಕೊಳ್ಳಬೇಡಿ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು, ಆಮೇಲೆ ಎಸ್.ಎಸ್. ಮೆಡಿಕಲ್ ಕಾಲೇಜು ಬಂತು, ಗಿರಣಿಗಳು ಬಾಗಿಲು ಹಾಕುತ್ತಾ ಹೋದಂತೆ ಆಸ್ಪತ್ರೆ, ಕಾಲೇಜುಗಳೇ ಊರಿನ ಗುರುತಾದವು. ಹರಿಹರ, ಚನ್ನಗಿರಿ, ಹರಪನಹಳ್ಳಿ ಕಡೆಯವರಿಗೆ ಮೈಗೆ ಏನಾದರೂ ಆದರೆ ‘ದಾವಣಗೆರೆಗೆ ಹೋಗೋಣ’ ಅನ್ನೋದು ರೂಢಿ. ಈಗ ಅದೇ ಜನರ ಮೊಬೈಲಿಗೆ ಬೆಂಗಳೂರು, ಹುಬ್ಬಳ್ಳಿಯ ಕಾಸ್ಮೆಟಿಕ್ ಕ್ಲಿನಿಕ್ಕುಗಳ ರೀಲ್ಸ್ ಬಂದು ಬೀಳುತ್ತಿವೆ. ಎಡಗಡೆ ಜೋತುಬಿದ್ದ ಹೊಟ್ಟೆ, ಬಲಗಡೆ ಚಪ್ಪಟೆ ಹೊಟ್ಟೆ, ಕೆಳಗೆ ಕಂತಿನ ಲೆಕ್ಕ. ಗೀರು ಇರಬೇಕಾದ ಜಾಗಕ್ಕೆ ಸರಿಯಾಗಿ ಫೋಟೋ ಮುಗಿದಿರುತ್ತೆ, ಇಲ್ಲಾಂದ್ರೆ ಒಳಉಡುಪು ಶುರುವಾಗಿರುತ್ತೆ. ಕಾಣಿಸದೇ ಇರುವ ಆ ನಾಲ್ಕು ಬೆರಳಗಲದ ಬಗ್ಗೆಯೇ ಈ ಲೇಖನ.

ಟೈಲರ್ ಅಂಗಡಿಯ ಗಣಿತ

‘ಟಕ್’ ಅನ್ನೋ ಪದ ನಮಗೆ ಹೊಸದಲ್ಲ. ಬ್ಲೌಸ್ ಹೊಲಿಸುವವರಿಗೆಲ್ಲ ಗೊತ್ತು, ಬಟ್ಟೆ ಸಡಿಲ ಇರುವ ಕಡೆ ಟೈಲರ್ ಟಕ್ಸ್ ಹಿಡಿಯುತ್ತಾರೆ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆದರೆ ಈ ಆಪರೇಷನ್ ಅರ್ಥ ಮಾಡಿಕೊಳ್ಳೋಕೆ ಅಲ್ಲಿ ಕಲಿತದ್ದಕ್ಕಿಂತ ಟೈಲರ್ ಅಂಗಡಿಯ ಒಂದು ನಿಯಮ ಹೆಚ್ಚು ಉಪಯೋಗಕ್ಕೆ ಬಂತು. ಬಟ್ಟೆಯ ಉದ್ದ ಕಡಿಮೆ ಮಾಡಬೇಕಾದರೆ ಹೊಲಿಗೆ ಅಡ್ಡ ಬರುತ್ತೆ. ಅಗಲ ಕಡಿಮೆ ಮಾಡಬೇಕಾದರೆ ಹೊಲಿಗೆ ಉದ್ದಕ್ಕೆ ಬರುತ್ತೆ. ಎರಡೂ ಬೇಕು ಅಂದರೆ ಎರಡೂ ಹೊಲಿಗೆ. ಚರ್ಮಕ್ಕೂ ಇಷ್ಟೇ.

ಇನ್ನೊಂದು ನಿಯಮವೂ ಅಲ್ಲಿಂದಲೇ. ತುಂಬಾ ಬಟ್ಟೆಯನ್ನು ಗಿಡ್ಡ ಹೊಲಿಗೆಯಲ್ಲಿ ಮುಗಿಸಲು ಹೋದರೆ ತುದಿಯಲ್ಲಿ ಮುದುರು ನಿಲ್ಲುತ್ತೆ. ಆ ಮುದುರು ಹೋಗಬೇಕಾದರೆ ಹೊಲಿಗೆಯನ್ನು ಇನ್ನಷ್ಟು ದೂರ ಎಳೆಯಬೇಕು. ಸರ್ಜನ್‌ಗಳು ಇದನ್ನು ‘ನಾಯಿಕಿವಿ’ ಅಂತಾರೆ, ಗೀರಿನ ಎರಡೂ ತುದಿಯಲ್ಲಿ ಕಿವಿಯ ಹಾಗೆ ಎದ್ದು ನಿಲ್ಲುವ ಚರ್ಮ. ಅದಕ್ಕೇ ‘ಗೀರು ಚಿಕ್ಕದಾಗಿರಲಿ’ ಅನ್ನುವ ಬೇಡಿಕೆ ಕೆಲವೊಮ್ಮೆ ಕೆಟ್ಟ ಬೇಡಿಕೆ. ಉದ್ದ ಗೀರು ಎಂದರೆ ಒರಟು ಕೆಲಸ ಅಂತಲ್ಲ. ತೆಗೆಯಬೇಕಾದ ಚರ್ಮ ಜಾಸ್ತಿ ಇತ್ತು ಅಂತ ಅರ್ಥ, ಅಷ್ಟೇ.

ಇಷ್ಟು ಗೊತ್ತಿದ್ದರೆ ಬಗೆಬಗೆಯ ಟಮ್ಮಿ ಟಕ್‌ಗಳ ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಚರ್ಮ ಎಲ್ಲಿ, ಯಾವ ದಿಕ್ಕಿಗೆ ಹೆಚ್ಚಾಗಿದೆ ಅಂತ ನೋಡಿದರೆ ಗೀರಿನ ಆಕಾರ ತಾನಾಗೇ ತಿಳಿಯುತ್ತೆ.

ಸೊಂಟದಿಂದ ಸೊಂಟಕ್ಕೆ

ಸಾಮಾನ್ಯವಾಗಿ ಮಾಡುವುದು ಪೂರ್ಣ ಟಮ್ಮಿ ಟಕ್. ಬಸಿರು, ಬಾಣಂತನ ಮುಗಿಸಿದ ಹೊಟ್ಟೆಯಲ್ಲಿ ಚರ್ಮ ಮೇಲಿಂದ ಕೆಳಕ್ಕೆ ಜೋತುಬಿದ್ದಿರುತ್ತೆ. ಉದ್ದ ಕಡಿಮೆ ಮಾಡಬೇಕು, ಹಾಗಾಗಿ ಹೊಲಿಗೆ ಅಡ್ಡ. ಗುಪ್ತಾಂಗದ ಕೂದಲು ಶುರುವಾಗುವ ಮಟ್ಟದಲ್ಲಿ, ಒಂದು ಸೊಂಟದ ಮೂಳೆಯಿಂದ ಇನ್ನೊಂದರ ತನಕ, ನಡುವೆ ತಗ್ಗಿ ಎರಡೂ ಬದಿಗೆ ಸ್ವಲ್ಪ ಮೇಲೇರುವ ಗೀರು. ಆ ಗೀರಿನಿಂದ ಒಳಹೊಕ್ಕು ಚರ್ಮ ಮತ್ತು ಕೊಬ್ಬನ್ನು ಪಕ್ಕೆಲುಬಿನವರೆಗೂ ಮಾಂಸಖಂಡದಿಂದ ಬಿಡಿಸಿ, ಕಂಬಳಿ ಎಳೆದ ಹಾಗೆ ಕೆಳಗೆಳೆದು, ಹೆಚ್ಚಾಗಿದ್ದನ್ನು ಕತ್ತರಿಸುತ್ತಾರೆ.

ಇಲ್ಲಿ ಹೊಕ್ಕುಳಿನ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಚರ್ಮ ಕೆಳಗೆ ಬರುತ್ತೆ, ಹೊಕ್ಕುಳು ಬರಲ್ಲ. ಅದು ಒಳಗಿನ ತೊಟ್ಟಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತೆ. ಸುತ್ತ ಕತ್ತರಿಸಿ ಬಿಡಿಸಿ, ಕೆಳಗೆಳೆದ ಚರ್ಮದಲ್ಲಿ ಹೊಸ ತೂತು ಮಾಡಿ, ಅಲ್ಲಿಂದ ಹಳೇ ಹೊಕ್ಕುಳನ್ನೇ ಹೊರಗೆ ತಂದು ಹೊಲಿಯುತ್ತಾರೆ. 1957ರಲ್ಲಿ ವರ್ನನ್ ಎಂಬ ಸರ್ಜನ್ ಇದನ್ನು ವಿವರಿಸಿ ಬರೆದ ಮೇಲೆ ಇದು ರೂಢಿಗೆ ಬಂತು. ಹಾಗಾಗಿ ಪೂರ್ಣ ಟಮ್ಮಿ ಟಕ್‌ನಲ್ಲಿ ಗೀರು ಒಂದಲ್ಲ, ಎರಡು: ಕೆಳಗಿನ ಅಡ್ಡ ಗೀರು ಮತ್ತು ಹೊಕ್ಕುಳ ಸುತ್ತ ಒಂದು ಉಂಗುರ. ಒಳಗೆ ಸೇರುವ ರಕ್ತ, ನೀರು ಹೊರಗೆ ಹೋಗಲು ಪೈಪು ಇಟ್ಟಿದ್ದರೆ ಅದರ ಎರಡು ಚುಕ್ಕಿಗಳೂ ಉಳಿಯುತ್ತವೆ.

ಕೆಲವರಿಗೆ ಮೂರನೆಯದೂ ಬರುತ್ತೆ. ಹೊಕ್ಕುಳ ಹಳೇ ತೂತು ಇದ್ದ ಚರ್ಮ ಅಡ್ಡ ಗೀರಿನವರೆಗೂ ಎಳೆದರೆ ಕತ್ತರಿಸಿ ಹೋಗುತ್ತೆ. ಹೊಟ್ಟೆಯ ಮೇಲ್ಭಾಗದಲ್ಲಿ ಅಷ್ಟು ಸಡಿಲ ಇಲ್ಲದಿದ್ದರೆ ಅದು ಅಲ್ಲಿಗೆ ತಲುಪಲ್ಲ. ಆಗ ಆ ತೂತನ್ನು ಅಲ್ಲೇ ಹೊಲಿಯಬೇಕು. ಅಡ್ಡ ಗೀರಿನ ಮೇಲೆ ನಡುವಲ್ಲಿ ಒಂದೆರಡು ಇಂಚಿನ ನೆಟ್ಟಗಿನ ಗೀರು ಉಳಿಯುತ್ತೆ. ಇದು ತಪ್ಪಲ್ಲ, ಬಲವಂತವಾಗಿ ಎಳೆದು ಹೊಲಿಯುವುದಕ್ಕಿಂತ ಎಷ್ಟೋ ವಾಸಿ. ಆದರೆ ಆಪರೇಷನ್‌ಗೆ ಮೊದಲು ಇದನ್ನು ಹೇಳದೇ ಇರುವುದು ತಪ್ಪು.

ಒಳಗಡೆಯೂ ಒಂದು ಹೊಲಿಗೆ ಇದೆ, ಅದು ಹೊರಗೆ ಕಾಣಲ್ಲ. ಹೊಟ್ಟೆಯ ನಡುವೆ ಎರಡು ಉದ್ದ ಮಾಂಸಪಟ್ಟಿಗಳಿವೆ, ಮಧ್ಯದ ಬಿಳಿ ಗೆರೆಯಲ್ಲಿ ಕೂಡಿಕೊಂಡಿರುತ್ತವೆ. ಹರಿಹರದ ಹರಿಹರೇಶ್ವರನನ್ನು ನೋಡಿದವರಿಗೆ ಕಲ್ಪನೆ ಸುಲಭ: ಅರ್ಧ ಶಿವ, ಅರ್ಧ ವಿಷ್ಣು, ನಟ್ಟನಡುವೆ ಕಾಣದ ಒಂದು ಗೆರೆ. ಬಸಿರಲ್ಲಿ ಈ ಗೆರೆ ಹಿಗ್ಗಿ ಎರಡು ಪಟ್ಟಿಗಳೂ ದೂರ ಸರಿಯುತ್ತವೆ. ಹೆರಿಗೆಯಾದ ಮೇಲೆ ಹಲವರಿಗೆ ತಾನಾಗೇ ಹತ್ತಿರ ಬರುತ್ತವೆ, ಕೆಲವರಿಗೆ ಬರಲ್ಲ. ಬಾಣಂತಿಗೆ ಹಳೇ ಸೀರೆ ಬಿಗಿಯಾಗಿ ಕಟ್ಟುವ ನಮ್ಮ ಅಜ್ಜಿಯಂದಿರ ಪದ್ಧತಿ ಬೆನ್ನಿಗೆ ಆಸರೆ ಕೊಡಬಹುದು, ಆದರೆ ಹಿಗ್ಗಿದ ಗೆರೆಯನ್ನು ಅದು ಹೊಲಿಯಲ್ಲ. ಕೆಲವರಿಗೆ ಸರಿಯಾದ ವ್ಯಾಯಾಮದಿಂದ ಸಾಕಷ್ಟು ಸುಧಾರಿಸುತ್ತೆ. ಆಗದವರಿಗೆ, ಟಮ್ಮಿ ಟಕ್ ಮಾಡುವಾಗಲೇ ಸರ್ಜನ್ ಆ ಪಟ್ಟಿಗಳನ್ನು ಮೇಲಿಂದ ಕೆಳಗೆ ಹತ್ತಿರ ಎಳೆದು ಹೊಲಿಯುತ್ತಾರೆ. ‘ಬರೀ ಸೌಂದರ್ಯ’ ಅನ್ನುವ ಆಪರೇಷನ್ನಿನ ಒಳಗೆ ದೇಹದ ಗೋಡೆಯ ರಿಪೇರಿಯೂ ನಡೆಯುತ್ತಿರುತ್ತೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತೆ.

ಮಿನಿಯಿಂದ ಲಂಗರಿನ ತನಕ

ಸಡಿಲ ಇರುವುದು ಹೊಕ್ಕುಳಿಗಿಂತ ಕೆಳಗೆ ಮಾತ್ರ ಅಂದರೆ ‘ಮಿನಿ’ ಸಾಕು. ಗೀರು ಸಿಸೇರಿಯನ್ ಗೀರಿನಷ್ಟು ಅಥವಾ ಸ್ವಲ್ಪ ಉದ್ದ, ಹೊಕ್ಕುಳ ಸುತ್ತ ಏನೂ ಇಲ್ಲ. ಕೇಳೋಕೆ ಚೆಂದ. ಆದರೆ ಹೊಕ್ಕುಳಿಗಿಂತ ಮೇಲಿನ ಸಡಿಲಕ್ಕೆ ಮಿನಿ ಏನೂ ಮಾಡಲ್ಲ. ಎರಡು ಮೂರು ಹೆರಿಗೆ ಆದ ಬಹಳ ಜನರಿಗೆ ಇದು ಸಾಲಲ್ಲ. ರೀಲ್ಸ್‌ನಲ್ಲಿ ಮಾತ್ರ ಹೆಚ್ಚು ಮಾರಾಟ ಆಗೋದು ಇದೇ.

ಸಡಿಲ ಸೊಂಟದ ಬದಿಗೂ ಹಬ್ಬಿದ್ದರೆ ಗೀರು ಬದಿ ದಾಟಿ ಬೆನ್ನ ಕಡೆ ಹೋಗುತ್ತೆ. ಪೂರ್ತಿ ಸುತ್ತು ಬಂದರೆ ಬೆಲ್ಟ್ ಹಾಕಿದ ಹಾಗೆ 360 ಡಿಗ್ರಿ ಗೀರು.

ತುಂಬಾ ತೂಕ ಇಳಿಸಿದವರ ಕಥೆ ಬೇರೆ. ಹೊಟ್ಟೆಯ ಗಾತ್ರ ಕಡಿಮೆ ಮಾಡುವ ಬೇರಿಯಾಟ್ರಿಕ್ ಸರ್ಜರಿ ಆಗಿ ನಲವತ್ತು ಐವತ್ತು ಕಿಲೋ ಇಳಿದ ಮೇಲೆ ಚರ್ಮ ಉದ್ದಕ್ಕೂ ಸಡಿಲ, ಅಗಲಕ್ಕೂ ಸಡಿಲ. ಬರೀ ಅಡ್ಡ ಹೊಲಿಗೆಯಿಂದ ಅಗಲ ಕಡಿಮೆ ಆಗಲ್ಲವಲ್ಲ. ಹಾಗಾಗಿ ಅಡ್ಡ ಗೀರಿನ ಜೊತೆಗೆ ಎದೆಯ ಕೆಳಗಿನಿಂದ ನಟ್ಟನಡುವೆ ಇಳಿದು ಬರುವ ನೆಟ್ಟಗಿನ ಗೀರೂ ಬೇಕು. ಎರಡೂ ಸೇರಿದರೆ ಹಡಗಿನ ಲಂಗರಿನ ಆಕಾರ. ಫ್ರೆಂಚರ ಲಿಲ್ಲಿ ಹೂವಿನ ಲಾಂಛನ ನೆನಪಿಸುತ್ತೆ ಅಂತ ಇದಕ್ಕೆ ‘ಫ್ಲರ್ ಡಿ ಲಿ’ ಅಂತ ಹೆಸರಿಟ್ಟಿದ್ದಾರೆ. ಹೆಸರು ಹೂವಿನದು, ಗೀರು ಮಾತ್ರ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಎದ್ದು ಕಾಣುವಂಥದ್ದು.

ಇದರಲ್ಲಿ ಎರಡು ಗೀರು ಕೂಡುವ ಜಾಗವೇ ದುರ್ಬಲ. ಲೋಹದ ತಗಡಿನಲ್ಲಿ ಮೂಲೆ ಬಂದ ಕಡೆ ಒತ್ತಡ ಗುಂಪುಗೂಡಿ ಬಿರುಕು ಶುರುವಾಗುತ್ತೆ ಅಂತ ಎರಡನೇ ವರ್ಷದಲ್ಲಿ ಓದಿದ್ದೆವು. ಚರ್ಮದಲ್ಲಿ ಎಳೆತದ ಜೊತೆಗೆ ಇನ್ನೊಂದು ತೊಂದರೆ: ಮೂರು ಕಡೆಯಿಂದ ಬಂದ ಚರ್ಮದ ತುದಿಗಳು ಸೇರುವ ಆ ಬಿಂದುವಿಗೆ ರಕ್ತ ತಲುಪುವುದೇ ಕಷ್ಟ. ಗಾಯ ಬಿಟ್ಟುಕೊಳ್ಳುವುದು, ಕಪ್ಪಾಗುವುದು ಅಲ್ಲಿಯೇ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಇನ್ನೂ ಹೆಚ್ಚು. ಗುಟ್ಕಾ ಅಗಿಯುವವರು ‘ನಾನು ಸೇದಲ್ಲವಲ್ಲ’ ಅಂತ ಸಮಾಧಾನ ಪಡಬೇಕಿಲ್ಲ. ರಕ್ತನಾಳವನ್ನು ಬಿಗಿ ಮಾಡುವ ನಿಕೋಟಿನ್ ಅದರಲ್ಲೂ ಇದೆ.

ಇನ್ನೆರಡನ್ನು ಬೇಗ ಹೇಳಿಬಿಡ್ತೀನಿ. ಹೊಟ್ಟೆಯ ಮೇಲ್ಭಾಗ ಮಾತ್ರ ಸಡಿಲ ಇದ್ದರೆ ಚರ್ಮವನ್ನು ಮೇಲಕ್ಕೆಳೆದು ಸ್ತನಗಳ ಕೆಳಗಿನ ಮಡಿಕೆಯಲ್ಲಿ ಹೊಲಿಯುವ ಕ್ರಮ ಒಂದಿದೆ, ಅಪರೂಪ. ಇನ್ನೊಂದು, ತೊಡೆಯ ಮೇಲೆ ಮಡಿಲಿನ ಹಾಗೆ ಜೋತುಬಿದ್ದ ಚರ್ಮವನ್ನಷ್ಟೇ ಕತ್ತರಿಸುವುದು. ಮಡಿಕೆಯಲ್ಲಿ ಬೆವರಿ, ಹುಣ್ಣಾಗಿ, ಸೋಂಕಾಗಿ ನರಳುವವರಿಗೆ ಇದು ಚಿಕಿತ್ಸೆ. ಇದರಲ್ಲಿ ಒಳಗಿನ ಮಾಂಸಪಟ್ಟಿಗೆ ಕೈ ಹಾಕಲ್ಲ.

ಮತ್ತೆ ಲೈಪೋಸಕ್ಷನ್? ಅದು ಟಮ್ಮಿ ಟಕ್ ಅಲ್ಲವೇ ಅಲ್ಲ. ಸಣ್ಣ ತೂತಿನಿಂದ ಕೊಬ್ಬು ಹೀರುವುದು. ಗುರುತು ಚುಕ್ಕಿಗಳಷ್ಟೇ, ಆದರೆ ಸಡಿಲ ಚರ್ಮ ಹಾಗೇ ಇರುತ್ತೆ. ‘ಕಲೆ ಇಲ್ಲದ ಟಮ್ಮಿ ಟಕ್’ ಎಂಬ ಹೆಸರಲ್ಲಿ ಮಾರುವುದು ಹೆಚ್ಚಾಗಿ ಇದನ್ನೇ. ಗೀರು ಚಿಕ್ಕದು ಅಂದ ಮಾತ್ರಕ್ಕೆ ಅಪಾಯ ಚಿಕ್ಕದಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ಅವರಿಗಿನ್ನೂ 21 ವರ್ಷ.

ಬಿಕಿನಿ ಗೆರೆ, ಲಂಗದ ಲಾಡಿ

ಅಡ್ಡ ಗೀರನ್ನು ಅಷ್ಟು ಕೆಳಗೆ ಯಾಕೆ ಹಾಕ್ತಾರೆ? 1899ರಲ್ಲಿ ಅಮೆರಿಕದ ಹೊವರ್ಡ್ ಕೆಲ್ಲಿ ಜೋತುಬಿದ್ದ ಹೊಟ್ಟೆಯನ್ನು ಕತ್ತರಿಸಿದಾಗ ಗೀರು ಹೊಟ್ಟೆಯ ನಡುಮಟ್ಟದಲ್ಲೇ ಅಡ್ಡ ಹೋಗುತ್ತಿತ್ತು, ಮುಚ್ಚಿಡುವ ಯೋಚನೆ ಅಷ್ಟಾಗಿ ಇರಲಿಲ್ಲ. ಅದನ್ನು ಕೆಳಗಿಳಿಸಿ ಬಟ್ಟೆಯೊಳಗೆ ಅಡಗಿಸುವ ಕ್ರಮವನ್ನು ಜನಪ್ರಿಯ ಮಾಡಿದವರಲ್ಲಿ ಬ್ರೆಜಿಲ್‌ನ ಇವೊ ಪಿಟಾಂಗಿ ಪ್ರಮುಖರು. 1967ರಲ್ಲಿ ಅವರು ತಮ್ಮ 300 ಆಪರೇಷನ್‌ಗಳ ಅನುಭವ ಪ್ರಕಟಿಸಿದರು. ರಿಯೋ ಡಿ ಜನೈರೋದ ಧರ್ಮಾಸ್ಪತ್ರೆಯಲ್ಲಿ ಬಡವರಿಗೂ ಪ್ಲಾಸ್ಟಿಕ್ ಸರ್ಜರಿ ಮಾಡುತ್ತಿದ್ದ ಮನುಷ್ಯ. ಅಲ್ಲಿಂದಾಚೆ ಗೀರಿನ ಏರಿಳಿತ ಕಡಲತೀರದ ಫ್ಯಾಷನ್ ಜೊತೆ ನಡೆಯಿತು. ಬಿಕಿನಿ ಬದಿ ಮೇಲೇರಿದಾಗ ಗೀರಿನ ತುದಿಯೂ ಮೇಲೇರಿತು, ಸೊಂಟದ ಕೆಳಗೆ ಜಾರುವ ಜೀನ್ಸ್ ಬಂದಾಗ ಗೀರೂ ಇಳಿಯಿತು.

ಹರಿಹರದ ಹೆಂಗಸಿಗೆ ಬಿಕಿನಿಯ ಚಿಂತೆ ಇಲ್ಲ. ಅವಳ ಮೈಮೇಲಿನ ಗೆರೆ ಲಂಗದ ಲಾಡಿ. ದಿನಕ್ಕೆ ಹದಿನಾಲ್ಕು ಗಂಟೆ ಒಂದೇ ಜಾಗದಲ್ಲಿ ಬಿಗಿದು ಕಟ್ಟುವ ಆ ದಾರ ಸೊಂಟದ ಸುತ್ತ ಕಪ್ಪು ಗೆರೆ ಮೂಡಿಸಿರುತ್ತೆ. ವರ್ಷಗಟ್ಟಲೆ ಉಜ್ಜಿ ಹುಣ್ಣಾಗಿ, ಅಪರೂಪಕ್ಕೆ ಕ್ಯಾನ್ಸರ್‌ಗೆ ತಿರುಗಿದ ಪ್ರಕರಣಗಳನ್ನು ಭಾರತದ ವೈದ್ಯರೇ ವರದಿ ಮಾಡಿದ್ದಾರೆ. ಕೆಳಗಿನ ಅಡ್ಡ ಗೀರಿನ ನಡುಭಾಗ ಲಾಡಿಗಿಂತ ಸಾಕಷ್ಟು ಕೆಳಗಿರುತ್ತೆ, ಸಮಸ್ಯೆ ಇಲ್ಲ. ಆದರೆ ಬದಿಗೆ ಏರುವ ತುದಿಗಳು, ಬೆನ್ನ ಕಡೆ ಹೋಗುವ ಗೀರು, ಹೊಕ್ಕುಳ ಉಂಗುರ, ಇವು ಲಾಡಿಯ ದಾರಿಯಲ್ಲೇ ಬರಬಹುದು. ಹೊಸ ಗೀರಿನ ಮೇಲೆ ದಿನವೂ ದಾರ ಉಜ್ಜಿದರೆ ಅದು ಕಪ್ಪಾಗುತ್ತೆ, ದಪ್ಪಗಾಗುತ್ತೆ. ನೆಟ್ಟಗಿನ ಗೀರಂತೂ ಬ್ಲೌಸಿಗೂ ನೆರಿಗೆಗೂ ಮಧ್ಯೆ ನೇರ ಕಣ್ಣಿಗೆ ಬೀಳುವ ಜಾಗದಲ್ಲಿದೆ, ಸೆರಗಿನ ಕೃಪೆಯೇ ಗತಿ.

ಆಪರೇಷನ್‌ಗೆ ಮೊದಲು ಸರ್ಜನ್ ನಿಮ್ಮನ್ನು ನಿಲ್ಲಿಸಿ ಪೆನ್ನಿನಿಂದ ಗೆರೆ ಹಾಕುತ್ತಾರೆ. ಮಲಗಿಸಿ ಹಾಕಿದರೆ ಸಡಿಲ ಎಷ್ಟಿದೆ ಅಂತ ಗೊತ್ತಾಗಲ್ಲ. ಹೊರದೇಶದ ಪುಸ್ತಕಗಳು ‘ನಿಮ್ಮ ಇಷ್ಟದ ಒಳಉಡುಪು ತನ್ನಿ’ ಅನ್ನುತ್ತವೆ. ನಮ್ಮಲ್ಲಿ ತರಬೇಕಾದದ್ದು ದಿನಾ ಉಡುವ ಲಂಗ. ಲಾಡಿ ಎಲ್ಲಿ ಕಟ್ಟುತ್ತೀರಿ ಅಂತ ಕಟ್ಟಿಯೇ ತೋರಿಸಿ.

ಹೊಟ್ಟೆಯ ಮೇಲೆ ಮೊದಲೇ ಇರುವ ಗೀರುಗಳು

ಹರಿಹರದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು ಹೋದ ವರ್ಷ ಫೋನ್ ಮಾಡಿದ್ದಳು. “ಆ ಕ್ಲಿನಿಕ್‌ನವ್ರು ಮಿನಿ ಸಾಕು ಅಂದ್ರು ನೋಡೇ. ಸಿಸೇರಿಯನ್ ಗೀರಿನಷ್ಟೇ ಬರ್ತೈತಂತೆ. ಫೋಟೋ ವಾಟ್ಸಾಪ್ ಮಾಡಿದ್ದೆ, ರೇಟೂ ಹೇಳಿದ್ರು.” ಅಕ್ಕನಿಗೆ ಎರಡು ಸಿಸೇರಿಯನ್ ಆಗಿವೆ, ಆಮೇಲೆ ಮಕ್ಕಳಾಗದ ಆಪರೇಷನ್. ನಾನು ಕೇಳಿದೆ, “ಅಕ್ಕ, ಪಿತ್ತಕೋಶದ ಆಪರೇಷನ್ ಆಗಿತ್ತಲ್ಲ, ಆ ಗೀರು ತೋರ್ಸಿದ್ಯಾ?” “ಅದ್ಯಾಕೆ ಬೇಕು? ಅದು ಮೇಲೈತೆ, ಇವ್ರು ಮಾಡೋದು ಕೆಳಗೆ.”

ಅದೇ ಬೇಕಾಗಿರೋದು. ಹೊಟ್ಟೆಯ ಚರ್ಮಕ್ಕೆ ರಕ್ತ ಮೂರು ಕಡೆಯಿಂದ ಬರುತ್ತೆ: ನಡುವಿನ ಮಾಂಸಪಟ್ಟಿಯ ಮೂಲಕ, ಕೆಳಗೆ ತೊಡೆಸಂದಿನ ಕಡೆಯಿಂದ, ಎರಡೂ ಬದಿಯ ಪಕ್ಕೆಲುಬಿನ ಕಡೆಯಿಂದ. ಪೂರ್ಣ ಟಮ್ಮಿ ಟಕ್‌ನಲ್ಲಿ ಮೊದಲ ಎರಡು ದಾರಿಗಳು ಬಹುಪಾಲು ಕತ್ತರಿಸಿ ಹೋಗುತ್ತವೆ. ಕೆಳಗೆಳೆದ ಚರ್ಮ ಬದುಕುವುದು ಮುಖ್ಯವಾಗಿ ಬದಿಯಿಂದ ಬರುವ ರಕ್ತದ ಮೇಲೆ. ಹಳೇ ಕಾಲದ ಪಿತ್ತಕೋಶದ ಆಪರೇಷನ್‌ನಲ್ಲಿ ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಕೊಯ್ದಿರುತ್ತಾರೆ, ಅಂದರೆ ಆ ಬದಿಯ ದಾರಿಗೂ ಅಡ್ಡ. ಈಗ ಕೆಳಗೂ ಕೊಯ್ದರೆ ಎರಡು ಗೀರುಗಳ ಮಧ್ಯದ ಚರ್ಮಕ್ಕೆ ರಕ್ತವೇ ಸಾಲದೆ ಸತ್ತುಹೋಗಬಹುದು. ಇಂಥ ಗೀರು ಇದ್ದರೆ ಸರ್ಜನ್ ಚರ್ಮ ಬಿಡಿಸುವುದನ್ನು ಕಡಿಮೆ ಮಾಡಬೇಕು, ಯೋಜನೆ ಬದಲಿಸಬೇಕು, ಬೇಡ ಅಂತಲೂ ಹೇಳಬೇಕಾಗಬಹುದು. ಇದು ವಾಟ್ಸಾಪ್ ಫೋಟೋದಲ್ಲಿ ತೀರ್ಮಾನ ಆಗುವ ವಿಷಯ ಅಲ್ಲ. ಅಕ್ಕ ಸದ್ಯಕ್ಕೆ ಆ ಪ್ಯಾಕೇಜು ಬಿಟ್ಟಿದ್ದಾಳೆ.

ಬೇರೆ ಹಳೇ ಗೀರುಗಳ ಲೆಕ್ಕವೂ ಬೇರೆ ಬೇರೆ. ಸಿಸೇರಿಯನ್‌ನ ಕೆಳಗಿನ ಅಡ್ಡ ಗೀರು (1900ರಲ್ಲಿ ಜರ್ಮನಿಯ ಫಾನನ್‌ಸ್ಟೀಲ್ ವಿವರಿಸಿದ್ದು) ಹೊಸ ಗೀರಿನಲ್ಲಿ ಸೇರಿ ಹೋಗುತ್ತೆ, ಅದು ಲಾಭವೇ. ಹೊಕ್ಕುಳ ಕೆಳಗೆ ಕೊಯ್ದು ಮಾಡಿದ ಮಕ್ಕಳಾಗದ ಆಪರೇಷನ್ ಅಥವಾ ಹೊಕ್ಕುಳ ಹರ್ನಿಯಾ ರಿಪೇರಿ ಆಗಿದ್ದರೆ ಹೊಕ್ಕುಳ ತೊಟ್ಟಿನ ರಕ್ತಸಂಚಾರ ಮೊದಲೇ ಕುಂದಿರಬಹುದು. ನಟ್ಟನಡುವೆ ಉದ್ದ ಕೊಯ್ದು ಗರ್ಭಕೋಶ ತೆಗೆದಿದ್ದರೆ, ಮೊದಲೇ ಇರುವ ಆ ಗೀರನ್ನು ಬಳಸಿಕೊಂಡು ನೆಟ್ಟಗಿನ ಟಮ್ಮಿ ಟಕ್ ಯೋಚಿಸಬಹುದು. ಬಸಿರಿನ ಬಿಳಿ ಗೆರೆಗಳಲ್ಲಿ ಹೊಕ್ಕುಳಿಗಿಂತ ಕೆಳಗಿನವು ಚರ್ಮದ ಜೊತೆ ಹೋಗುತ್ತವೆ, ಮೇಲಿನವು ಕೆಳಗೆ ಸರಿಯುತ್ತವೆ ಅಷ್ಟೇ.

ಈ ಹಳೇ ಗೀರುಗಳು ಯಾರ ಮೈಮೇಲೆ, ಎಷ್ಟು ಇವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಶೇ. 23.6 ಇತ್ತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಮದುವೆಯಾದ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಾರೆ, ಗಂಡಸರ ಪಾಲು ಹತ್ತಿರ ಹತ್ತಿರ ಸೊನ್ನೆ. ಹರಿಹರದಿಂದ ತುಂಗಭದ್ರೆ ದಾಟಿ ಮುಂದೆ ಹೋದರೆ ರಾಣೆಬೆನ್ನೂರು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದರು ಅಂತ ನೂರಾರು ಹೆಂಗಸರು, ಹೆಚ್ಚಿನವರು ಲಂಬಾಣಿ ತಾಂಡಾಗಳವರು, ಪರಿಹಾರಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದಿದ್ದಾರೆ. ನಮ್ಮ ಜಿಲ್ಲೆಗಳ ಹೆಂಗಸರ ಹೊಟ್ಟೆ ಖಾಲಿ ಹಾಳೆ ಅಲ್ಲ. ಹೊರದೇಶದ ಬ್ರೋಷರ್‌ನಿಂದ ಎತ್ತಿಕೊಂಡ ಚಿತ್ರ ಇಲ್ಲಿ ಹಾಗೇ ಹೊಂದಲ್ಲ.

ಗೀರಿಗೆ ಬೇಕಾದ ಕಾಲ

ಆಪರೇಷನ್ ಆದ ವಾರಕ್ಕೇ ಗೀರು ನೋಡಿ ನಿರ್ಧಾರಕ್ಕೆ ಬರಬೇಡಿ. ಮೊದಲ ಕೆಲವು ವಾರ ತೆಳ್ಳಗೆ ಚೆನ್ನಾಗೇ ಕಾಣುತ್ತೆ. ಆಮೇಲೆ ಕೆಂಪಾಗಿ, ಗಟ್ಟಿಯಾಗಿ, ಉಬ್ಬಿ, ಎರಡು ಮೂರು ತಿಂಗಳ ಹೊತ್ತಿಗೆ ಅತಿ ಕೆಟ್ಟದಾಗಿ ಕಾಣಬಹುದು. ಅಲ್ಲಿಂದ ನಿಧಾನಕ್ಕೆ ಇಳಿದು, ಒಂದರಿಂದ ಒಂದೂವರೆ ವರ್ಷಕ್ಕೆ ತನ್ನ ಕೊನೆಯ ರೂಪಕ್ಕೆ ಬರುತ್ತೆ. ಬಲವೂ ಹಾಗೇ ನಿಧಾನ. ಮೂರು ವಾರಕ್ಕೆ ಮೊದಲಿನ ಚರ್ಮದ ಕಾಲು ಭಾಗದಷ್ಟು, ಕೆಲವು ತಿಂಗಳಿಗೆ ಶೇ. 80ರಷ್ಟು. ಪೂರ್ತಿ ನೂರಕ್ಕೆ ಅದು ಎಂದೂ ಮರಳಲ್ಲ. ಗೀರಿನ ಮೇಲ್ಭಾಗದ ಚರ್ಮ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತೆ. ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಸುಟ್ಟುಕೊಂಡವರಿದ್ದಾರೆ, ಜೋಪಾನ.

ನಮ್ಮಂಥ ಕಂದು ಚರ್ಮದಲ್ಲಿ ಗೀರು ಕಪ್ಪಾಗುವುದು, ದಪ್ಪಗೆ ಉಬ್ಬುವುದು ಬಿಳಿ ಚರ್ಮದವರಿಗಿಂತ ಹೆಚ್ಚು. ಉಬ್ಬು ಗೀರಿನ ಗಡಿಯೊಳಗೇ ಇದ್ದರೆ ಕಾಲಕ್ರಮೇಣ ಇಳಿಯಬಹುದು. ಗಡಿ ದಾಟಿ ಪಕ್ಕದ ಚರ್ಮಕ್ಕೂ ಬೆಳೆದರೆ ಅದು ಕೀಲಾಯ್ಡ್, ತಾನಾಗೇ ಹೋಗಲ್ಲ. ನಿಮ್ಮ ಚರ್ಮದ ಸ್ವಭಾವ ತಿಳಿಯಲು ನಿಮ್ಮ ಮೈಯೇ ದಾಖಲೆ. ಕಿವಿ ಚುಚ್ಚಿದ ಜಾಗ, ಎಡತೋಳಿನ ಬಿ.ಸಿ.ಜಿ. ಗುರುತು, ಸಿಸೇರಿಯನ್ ಗೀರು ನೋಡಿಕೊಳ್ಳಿ. ತೋಳು, ಕಿವಿ ಸಹಜವಾಗೇ ಉಬ್ಬುವ ಜಾಗಗಳು, ಹಾಗಾಗಿ ಹೊಟ್ಟೆಯ ಹಳೇ ಗೀರಿನ ಸಾಕ್ಷಿಗೇ ಹೆಚ್ಚು ತೂಕ. ಗಾಯ ಮಾಗಿದ ಮೇಲೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ತಿಂಗಳುಗಟ್ಟಲೆ ಹಾಕುವುದರಿಂದ ಪ್ರಯೋಜನ ಇದೆ. ಅರಿಶಿನ, ಲೋಳೆಸರ, ಈರುಳ್ಳಿ ರಸದ ರೀಲ್ಸ್‌ಗಳನ್ನು ಹಸಿ ಗಾಯದಿಂದ ದೂರ ಇಡಿ.

ರಿಪೇರಿಯೋ, ಸೌಂದರ್ಯವೋ?

ಈಗ ಆಗ ಹೇಳಿದ ಮಾತಿಗೆ ಬರ್ತೀನಿ. ಜಿ.ಎಸ್.ಟಿ. ಕಾನೂನಿನಲ್ಲಿ ಆರೋಗ್ಯ ಸೇವೆಗೆ ತೆರಿಗೆ ವಿನಾಯಿತಿ ಇದೆ. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಇಲ್ಲ, ಶೇ. 18 ತೆರಿಗೆ. ಅದಕ್ಕೆ ಕೊಟ್ಟಿರುವ ಹೊರತು ಹೀಗಿದೆ: ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಗಾಯ ಅಥವಾ ಆಘಾತದಿಂದ ಕೆಟ್ಟ ದೇಹದ ರಚನೆಯನ್ನು, ಕೆಲಸವನ್ನು ಸರಿಪಡಿಸಲು ಮಾಡಿದರೆ ತೆರಿಗೆ ಇಲ್ಲ. ಪಟ್ಟಿಯಲ್ಲಿ ಬಸಿರು, ಹೆರಿಗೆ ಎಂಬ ಪದಗಳಿಲ್ಲ. ವಿಮೆಯ ಕಥೆಯೂ ಇದೇ. ವಿಮಾ ನಿಯಂತ್ರಣ ಪ್ರಾಧಿಕಾರ ಐ.ಆರ್.ಡಿ.ಎ.ಐ.ನ ಮಾದರಿ ನಿಯಮದಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಪುನರ್‌ರಚನೆ ಅಥವಾ ತಕ್ಷಣದ ಆರೋಗ್ಯ ಅಪಾಯ ಬಿಟ್ಟರೆ ಪ್ಲಾಸ್ಟಿಕ್ ಸರ್ಜರಿ ಹೊರಗೆ.

ಸ್ಕೂಟರ್‌ನಿಂದ ಬಿದ್ದು ಹೊಟ್ಟೆಯ ಗೋಡೆ ಹರಿದರೆ ಅದು ಗಾಯ. ಮೂರು ಹೆರಿಗೆಯಲ್ಲಿ ಅದೇ ಗೋಡೆ ಹಿಗ್ಗಿ ಬೆನ್ನು ನೋವು ಶುರುವಾದರೆ ಅದರ ರಿಪೇರಿ ಸೌಂದರ್ಯ. ಗೀರು ಹಾಕುವ ಮಕ್ಕಳಾಗದ ಆಪರೇಷನ್‌ಗೆ ಸರ್ಕಾರವೇ ಪ್ರೋತ್ಸಾಹಧನ ಕೊಡುತ್ತೆ, ಅದೇ ಹೊಟ್ಟೆಯ ರಿಪೇರಿಗೆ ತೆರಿಗೆ ಹಾಕುತ್ತೆ. ಎಲ್ಲ ಟಮ್ಮಿ ಟಕ್ಕೂ ಚಿಕಿತ್ಸೆ ಅಂತ ನಾನು ಹೇಳ್ತಿಲ್ಲ, ಬಹಳಷ್ಟು ಅಲ್ಲ. ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವುದೂ ಅವರವರ ಹಕ್ಕು. ಆದರೆ ಗೆರೆ ಎಲ್ಲಿ ಎಳೆಯಬೇಕು ಅಂತ ತೀರ್ಮಾನಿಸಿದ ಕೋಣೆಯಲ್ಲಿ ಹೆತ್ತ ಹೊಟ್ಟೆಯ ಬಗ್ಗೆ ಗೊತ್ತಿದ್ದವರು ಎಷ್ಟು ಜನ ಇದ್ದರು ಅನ್ನೋದು ನನ್ನ ಅನುಮಾನ.

ಕೈಗೆ ಸಿಗುವ ಕಾನೂನುಗಳೂ ಇವೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, 2017ರಲ್ಲಿ ವೈದ್ಯರ ಮುಷ್ಕರದ ನಡುವೆಯೇ ತಿದ್ದುಪಡಿ ಆಯಿತು. ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವಂತಿಲ್ಲ, ನೋಂದಣಿ ಪತ್ರ ಮತ್ತು ದರಗಳನ್ನು ಕಾಣುವಂತೆ ಹಾಕಬೇಕು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಗೋಡೆಯ ಮೇಲಿನ ಆ ಪತ್ರ ಓದಿ. ಅದು ಯಾವ ಬಗೆಯ ಸಂಸ್ಥೆ ಅಂತ ನೋಂದಣಿ ಆಗಿದೆ, ರಾತ್ರಿ ಉಸಿರಾಟಕ್ಕೆ ತೊಂದರೆಯಾದರೆ ಐ.ಸಿ.ಯು. ಎಲ್ಲಿದೆ, ಅರಿವಳಿಕೆ ಕೊಡುವ ವೈದ್ಯರು ಯಾರು, ಕೊಯ್ಯುವವರಿಗೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿ.ಎಚ್. ಪದವಿ ಇದೆಯಾ ಅಂತ ಕೇಳಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಈ ಆಪರೇಷನ್‌ನ ಪ್ರಾಣಾಪಾಯ, ಅದನ್ನು ತಡೆಯಲು ಏನು ಮಾಡ್ತೀರಿ ಅಂತಲೂ ಕೇಳಿ.

ಒಪ್ಪಿಗೆ ಪತ್ರದ ಬಗ್ಗೆ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ನೆನಪಿಟ್ಟುಕೊಳ್ಳಿ. ತಪಾಸಣೆಯ ಲ್ಯಾಪರೋಸ್ಕೋಪಿಗೆ ಅಂತ ಒಪ್ಪಿಗೆ ಕೊಟ್ಟ ಹೆಂಗಸು ಮಂಪರಿನಲ್ಲಿದ್ದಾಗ, ಅವರ ತಾಯಿಯ ಒಪ್ಪಿಗೆ ಪಡೆದು ವೈದ್ಯರು ಗರ್ಭಕೋಶವನ್ನೇ ತೆಗೆದಿದ್ದರು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗಲ್ಲ, ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ ರೋಗಿಯನ್ನೇ ಕೇಳಬೇಕು ಅಂತ ಕೋರ್ಟ್ ಹೇಳಿತು. ಹಾಗಾಗಿ ಫಾರ್ಮಿನಲ್ಲಿ ಬರೀ ‘ಟಮ್ಮಿ ಟಕ್’ ಅಂತಿದ್ದರೆ ಸಹಿ ಹಾಕಬೇಡಿ. ಮಿನಿಯೋ ಪೂರ್ಣವೋ, ಲೈಪೋಸಕ್ಷನ್ ಸೇರಿದೆಯೋ, ಒಳಗಿನ ಹೊಲಿಗೆ ಇದೆಯೋ, ಟೇಬಲ್ ಮೇಲೆ ಯೋಜನೆ ಬದಲಾದರೆ ನೆಟ್ಟಗಿನ ಗೀರಿಗೂ ನಿಮ್ಮ ಒಪ್ಪಿಗೆ ಇದೆಯೋ, ಎಲ್ಲವನ್ನೂ ಕನ್ನಡದಲ್ಲಿ ಬರೆಸಿ. ಒಂದು ಹೊಟ್ಟೆಯ ಚಿತ್ರ ಬಿಡಿಸಿ ಅದರ ಮೇಲೆ ಹಳೇ ಗೀರುಗಳನ್ನು ನೀವು ಗುರುತು ಮಾಡಿ, ಹೊಸ ಗೀರು ಎಲ್ಲಿಂದ ಎಲ್ಲಿಗೆ ಅಂತ ಸರ್ಜನ್ ಕೈಯಲ್ಲೇ ಎಳೆಸಿ. ಐದು ನಿಮಿಷದ ಕೆಲಸ. ಅದಕ್ಕೂ ಪುರುಸೊತ್ತಿಲ್ಲ ಅನ್ನುವವರ ಪ್ಯಾಕೇಜು ಎಷ್ಟೇ ಅಗ್ಗ ಇರಲಿ, ಬೇಡ ಅನ್ನಿ.